ಕೊನೆಗುಳಿದ ಒಂದು ವಿಭಕ್ತಿ

ಯಾವ ದೇಶ ಬ್ರಿಟನ್ನಿಗೆ ರಾಯಭಾರಿಯನ್ನು ಕಳಿಸಿದರೂ ಕಾಗದಪತ್ರಗಳ ಪ್ರಕಾರ ಆತ ನೇಮಕವಾಗುವುದು ‘ಕೋರ್ಟ್ ಆಫ್ ಸೇಂಟ್ ಜೇಮ್ಸಸ್’ಗೆ. ಹೆಸರಿನ ಕೊನೆಯನ್ನು ಸ್ವಲ್ಪ ಗಮನಿಸಬೇಕು. ಅಲ್ಲಿರುವುದು ಬರೀ ‘ಜೇಮ್ಸ್’ ಅಲ್ಲ, ಅದರ ಮೇಲೆ ಒಂದು ಅಪಾಸ್ಟ್ರಫಿ, ಆಮೇಲೆ ಇನ್ನೊಂದು ‘ಸ್’. ‘ಆಫ್’ ಎಂಬ ಮಾತೇ ಕನ್ನಡದ ‘ನ’, ‘ದ’ಗಳ ಕೆಲಸವನ್ನು ಮಾಡಿ ಮುಗಿಸಿದೆ. ಅದರ ಬೆನ್ನಿಗೆ ಮತ್ತೊಂದು ಷಷ್ಠಿ ಏಕೆ ಬೇಕಾಯಿತು? ಇದ್ದದ್ದು ಇದ್ದಂತೆ ಕನ್ನಡಕ್ಕೆ ತಂದರೆ ‘ಸಂತ ಜೇಮ್ಸನದರ ಆಸ್ಥಾನ’ ಎಂದಾಗುತ್ತದೆ. ಸಂತ ಜೇಮ್ಸನದು ಎಂದರೆ ಏನು? ಅವನ ಯಾವ ವಸ್ತು, ಯಾವ ಕಟ್ಟಡ?

ಉತ್ತರ: ಒಂದು ಕುಷ್ಠರೋಗದ ಆಸ್ಪತ್ರೆ. ಈಗಿನ ಮಧ್ಯ ಲಂಡನ್ ಹೊಲಗದ್ದೆಯಾಗಿದ್ದ ಕಾಲದಲ್ಲಿ, ಊರಿನಿಂದ ದೂರದಲ್ಲಿ, ಕುಷ್ಠ ಹಿಡಿದ ಹೆಣ್ಣುಮಕ್ಕಳನ್ನು ಇರಿಸುತ್ತಿದ್ದ ಆಶ್ರಯವೊಂದು ಅಲ್ಲಿತ್ತು. ಅದನ್ನು ಸಂತ ಜೇಮ್ಸನ ಹೆಸರಿಗೆ ಅರ್ಪಿಸಿದ್ದರು. ಜನ ‘ಸೇಂಟ್ ಜೇಮ್ಸನ ಆಸ್ಪತ್ರೆ’ ಎಂದು ಪೂರ್ತಿ ಹೇಳದೆ ‘ಸೇಂಟ್ ಜೇಮ್ಸಸ್’ ಎಂದಷ್ಟೇ ಹೇಳುತ್ತಿದ್ದರು. ಎಂಟನೆಯ ಹೆನ್ರಿ ಆ ಜಾಗವನ್ನು ವಶಕ್ಕೆ ತೆಗೆದುಕೊಂಡು 1530ರ ದಶಕದಲ್ಲಿ ಕೆಂಪು ಇಟ್ಟಿಗೆಯ ಅರಮನೆ ಕಟ್ಟಿಸಿದ. ಆಸ್ಪತ್ರೆ ಹೋಯಿತು, ಷಷ್ಠಿ ಹೋಗಲಿಲ್ಲ. 1698ರಲ್ಲಿ ವೈಟ್‌ಹಾಲ್ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ರಾಜರ ಮುಖ್ಯ ನಿವಾಸ ಇದೇ ಆಯಿತು. 1837ರಲ್ಲಿ ವಿಕ್ಟೋರಿಯಾ ರಾಣಿ ಬಕಿಂಗ್‌ಹ್ಯಾಮ್ ಅರಮನೆಗೆ ಬಿಡಾರ ಬದಲಿಸಿದರೂ ಆಸ್ಥಾನದ ಹೆಸರು ಮಾತ್ರ ಬದಲಾಗಲಿಲ್ಲ. ಐನೂರು ವರ್ಷದ ಹಿಂದೆ ಕೆಡವಿದ ಕುಷ್ಠರೋಗಿಗಳ ಆಶ್ರಯದ ಒಡೆತನ ಇವತ್ತಿಗೂ ರಾಜತಾಂತ್ರಿಕ ಕಡತಗಳಲ್ಲಿ ಒಂದು ಅಕ್ಷರವಾಗಿ ಉಳಿದಿದೆ.

ಇಂಗ್ಲಿಷಿಗೆ ಇಂಥ ಹೆಸರುಗಳ ಕೊರತೆಯಿಲ್ಲ. ಒಡೆಯನನ್ನು ಹೇಳಿ ಒಡವೆಯನ್ನು ಬಿಟ್ಟುಬಿಡುವುದು ಆ ಭಾಷೆಯ ಬಹು ಹಳೆಯ ರೂಢಿ. ‘ಅಟ್ ದ ಬೇಕರ್ಸ್’ ಎಂದರೆ ಬ್ರೆಡ್ ಮಾಡುವವನ ಅಂಗಡಿಯಲ್ಲಿ, ‘ಟು ದ ಡಾಕ್ಟರ್ಸ್’ ಎಂದರೆ ವೈದ್ಯರ ದವಾಖಾನೆಗೆ, ‘ಫ್ರಮ್ ಮೈ ಅಂಕಲ್ಸ್’ ಎಂದರೆ ಚಿಕ್ಕಪ್ಪನ ಮನೆಯಿಂದ. ಅಂಗಡಿ, ದವಾಖಾನೆ, ಮನೆ ಎಂಬ ಮಾತೇ ಇಲ್ಲ. ಪ್ರಿಪೊಸಿಷನ್ ಮುಂದೆ ಒಡೆಯನೊಬ್ಬನೇ ನಿಂತಿರುತ್ತಾನೆ, ಬಾಲಕ್ಕೆ ಒಂದು ‘ಸ್’ ಅಂಟಿರುತ್ತದೆ. ಕನ್ನಡಿಗರು ‘ಶೆಟ್ಟರ ಅಂಗಡಿಗೆ ಹೋಗಿ ಬಾ’ ಎನ್ನುತ್ತಾರೆ. ‘ಶೆಟ್ಟರದಕ್ಕೆ ಹೋಗಿ ಬಾ’ ಎಂದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಇಂಗ್ಲಿಷಿನಲ್ಲಿ ಅದೇ ಸರಾಗ.

ಈ ರೂಢಿ ಮೊದಲು ಗಟ್ಟಿಯಾಗಿ ಕಾಣಿಸಿಕೊಳ್ಳುವುದು ಸಂತರ ಹೆಸರಿನ ಇಗರ್ಜಿಗಳಲ್ಲಿ. 14ನೇ ಶತಮಾನದ ಕೊನೆಗೆ ಚಾಸರ್ ‘ಕ್ಯಾಂಟರ್ಬರಿ ಟೇಲ್ಸ್’ನ ಮುನ್ನುಡಿಯಲ್ಲಿ ಬಡ ಹಳ್ಳಿಯ ಪಾದ್ರಿಯೊಬ್ಬನನ್ನು ಹೊಗಳುತ್ತ, ಅವನು ಹೆಚ್ಚಿನ ಸಂಪಾದನೆಗಾಗಿ ಲಂಡನ್ನಿನ ಸೇಂಟ್ ಪಾಲ್ಸ್‌ಗೆ ಓಡಿಹೋದವನಲ್ಲ ಎಂದು ಹೇಳುತ್ತಾನೆ. ಅಲ್ಲಿ ಅವನು ‘ಚರ್ಚ್’ ಎಂಬ ಮಾತನ್ನು ಸೇರಿಸಿಲ್ಲ. ಸಂತ ಪಾಲನದಕ್ಕೆ, ಅಷ್ಟೆ. ಓದುಗರಿಗೆ ಸಾಕಾಗಿತ್ತು.

ಹಿಂದಕ್ಕೆ ಹೋದಷ್ಟೂ ವಿಷಯ ರುಚಿಕಟ್ಟಾಗುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್, ಅಂದರೆ ಆಂಗ್ಲೋ-ಸ್ಯಾಕ್ಸನ್ನರ ಹಳಗಾಲದ ನುಡಿ, ವಿಭಕ್ತಿಗಳ ವಿಷಯದಲ್ಲಿ ಈಗಿನ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವಾಗಿತ್ತು ಎನ್ನಬಹುದು. ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಎಂಬ ನಾಲ್ಕು ವಿಭಕ್ತಿಗಳೂ ಅವುಗಳ ಪ್ರತ್ಯಯಗಳೂ ಇದ್ದವು. ಯಾವ ಕ್ರಿಯಾಪದಕ್ಕೆ ಯಾವ ವಿಭಕ್ತಿ, ಯಾವ ಪ್ರಿಪೊಸಿಷನ್ನಿಗೆ ಯಾವ ವಿಭಕ್ತಿ ಎಂಬುದಕ್ಕೆ ಕಟ್ಟುಪಾಡಿತ್ತು. ಈಗ ಯಾರೂ ನಿರೀಕ್ಷಿಸದ ಕಡೆಗಳಲ್ಲಿ ಷಷ್ಠಿ ಬರುತ್ತಿತ್ತು. ‘ಬ್ರೂಕನ್’ ಎಂಬ ಕ್ರಿಯಾಪದಕ್ಕೆ ಅನುಭವಿಸು, ಬಳಸು ಎಂಬರ್ಥ. ಅದರ ಕರ್ಮಪದ ಸಾಮಾನ್ಯವಾಗಿ ಷಷ್ಠಿಯಲ್ಲಿ ಇರಬೇಕಿತ್ತು. ‘ಅನ್ನವನ್ನು ಉಂಡ’ ಎನ್ನುವ ಬದಲು ‘ಅನ್ನದ ಉಂಡ’ ಎಂದಂತೆ. ಬಯಸು, ಬೇಕಾಗು, ಬೆರಗಾಗು ಎಂಬರ್ಥದ ಇನ್ನೂ ಹಲವು ಕ್ರಿಯಾಪದಗಳು ಹೀಗೆಯೇ ಷಷ್ಠಿಯನ್ನು ಬೇಡುತ್ತಿದ್ದವು.

ಪ್ರಿಪೊಸಿಷನ್ನುಗಳಲ್ಲಿ ಷಷ್ಠಿ ಬೇಡುತ್ತಿದ್ದವು ಕಡಿಮೆ. ಅವುಗಳಲ್ಲಿ ಒಂದಂತೂ ಕನ್ನಡದ ಓದುಗರಿಗೆ ಕಂಡೊಡನೆ ಆಪ್ತವಾಗುತ್ತದೆ. ಈಗಿನ ‘ಅಲಾಂಗ್’ ಎಂಬ ಮಾತಿನ ಮೂಲ ರೂಪ ‘ಅಂಡ್‌ಲಾಂಗ್’. ಅದರ ಮುಂದಿನ ನಾಮಪದ ಷಷ್ಠಿಯಲ್ಲಿರುತ್ತಿತ್ತು: ‘ಅಂಡ್‌ಲಾಂಗ್ ಸ್ಟ್ರೆಯಾಮೆಸ್’. ‘ಹೊಳೆಯ ಉದ್ದಕ್ಕೂ’ ಎನ್ನುವಾಗ ಕನ್ನಡ ‘ಹೊಳೆ’ಗೆ ಯಾವ ವಿಭಕ್ತಿ ಹಚ್ಚುತ್ತದೋ ಹಳೆಯ ಇಂಗ್ಲಿಷ್ ಕೂಡ ಅದನ್ನೇ ಹಚ್ಚುತ್ತಿತ್ತು. ಈ ಪ್ರಯೋಗ ಹೇರಳವಾಗಿ ಸಿಗುವುದು ಕಾವ್ಯದಲ್ಲಿ ಅಲ್ಲ, ಭೂದಾನದ ಪತ್ರಗಳಲ್ಲಿ. ಆಂಗ್ಲೋ-ಸ್ಯಾಕ್ಸನ್ ರಾಜರು ಮಠಗಳಿಗೂ ಸರದಾರರಿಗೂ ಭೂಮಿ ಕೊಟ್ಟಾಗ ದಾನಪತ್ರದ ಮುಖ್ಯಭಾಗ ಲ್ಯಾಟಿನ್ನಿನಲ್ಲಿ ಇರುತ್ತಿತ್ತು. ಗಡಿ ಹೇಳುವ ಭಾಗಕ್ಕೆ ಬಂದಾಗ ಬರಹ ಊರ ಮಾತಿಗೆ ಇಳಿಯುತ್ತಿತ್ತು, ಏಕೆಂದರೆ ಗಡಿ ನಡೆದು ನೋಡುವವರು ಊರಿನವರು. ಹಳ್ಳದ ಉದ್ದಕ್ಕೂ, ಅಲ್ಲಿಂದ ಕಂದಕದ ಉದ್ದಕ್ಕೂ, ಅಲ್ಲಿಂದ ಹಳೆಯ ಮುಳ್ಳುಮರಕ್ಕೆ ಎಂದು ಸಾಗುವ ವಿವರ ಅದು. ಕರ್ನಾಟಕದ ಎಷ್ಟೋ ತಾಮ್ರಪಟಗಳಲ್ಲಿ ರಾಜನ ಪ್ರಶಸ್ತಿ ಸಂಸ್ಕೃತದಲ್ಲಿದ್ದು ಎಲ್ಲೆ ಹೇಳುವ ಸಾಲುಗಳು ಕನ್ನಡದಲ್ಲಿ ಇರುವುದೂ ಇದೇ ಕಾರಣಕ್ಕೆ. ದೂರದ ಎರಡು ನಾಡುಗಳ ಕರಣಿಕರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಉಪಾಯ ಕಂಡುಕೊಂಡಿದ್ದರು. ಒಡೆತನದ ತಕರಾರು ಬಂದರೆ ಕೆಲಸಕ್ಕೆ ಬರುವುದು ಜನ ಆಡುವ ಭಾಷೆಯೇ.

ಆಮೇಲೆ ವಿಭಕ್ತಿಗಳ ಈ ಕಟ್ಟಡ ಕುಸಿಯತೊಡಗಿತು. ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆಸಿದ ಡೇನರ ಜೊತೆಗಿನ ಒಡನಾಟ, ಪದದ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಕೊನೆಯನ್ನು ನುಂಗುವ ಉಚ್ಚಾರಣೆ, 1066ರ ನಾರ್ಮನ್ ವಿಜಯದ ನಂತರ ಬರವಣಿಗೆಯ ಇಂಗ್ಲಿಷಿಗೆ ರಾಜಾಶ್ರಯ ತಪ್ಪಿದ್ದು, ಎಲ್ಲವೂ ಸೇರಿ ಪ್ರತ್ಯಯಗಳು ಸವೆದವು. ಪೀಟರ್‌ಬರೋ ಮಠದ ಸನ್ಯಾಸಿಗಳು 1154ರವರೆಗೆ ಬರೆದುಕೊಂಡು ಬಂದ ಚರಿತ್ರೆಯ ಕೊನೆಯ ಪುಟಗಳಲ್ಲಿ ಈ ಸವೆತ ಕಣ್ಣಿಗೆ ಕಟ್ಟುವಂತಿದೆ. ದ್ವಿತೀಯಾ, ಚತುರ್ಥೀಗಳ ಗುರುತು ಅಳಿಸಿಹೋಯಿತು. ಪುಲ್ಲಿಂಗ, ನಪುಂಸಕಲಿಂಗದ ಒಂದು ಗುಂಪಿಗಷ್ಟೇ ಸೇರಿದ್ದ ‘ಎಸ್’ ಎಂಬ ಷಷ್ಠೀ ಪ್ರತ್ಯಯ ಮಾತ್ರ ಗಟ್ಟಿಯಾಗಿ ನಿಂತು, ಮಿಕ್ಕ ನಾಮಪದಗಳಿಗೂ ಹಬ್ಬಿತು. ನಾಮಪದಕ್ಕೆ ಅಂಟುವ ವಿಭಕ್ತಿ ಎಂದು ಇಂಗ್ಲಿಷಿನಲ್ಲಿ ಉಳಿದಿರುವುದು ಅದೊಂದೇ.

ಹಳೆಯದರ ಚೂರುಗಳು ಅಲ್ಲಲ್ಲಿ ಸಿಗುತ್ತವೆ. ‘ವೆಡ್ನೆಸ್‌ಡೇ’ ಎಂದರೆ ವೋಡನ್ ದೇವರ ದಿನ. ನಡುವಿನ ‘ಎಸ್’ ಆ ದೇವರ ಷಷ್ಠಿ. ‘ಟ್ಯೂಸ್‌ಡೇ’ಯಲ್ಲಿ ಟೀವ್ ದೇವರ ಷಷ್ಠಿ. ಮಾರ್ಚ್ 25ರ ಮೇರಿಯಮ್ಮನ ಹಬ್ಬ ‘ಲೇಡಿ ಡೇ’ಯಲ್ಲಿ ‘ಸ್’ ಇಲ್ಲ, ಏಕೆಂದರೆ ‘ಲೇಡಿ’ ಸ್ತ್ರೀಲಿಂಗದ ಬೇರೆ ಗುಂಪಿನ ಪದ, ಅದರ ಷಷ್ಠಿಯ ರೂಪವೇ ಬೇರೆ ಇತ್ತು. ರಾತ್ರಿ ಪಾಳಿಯವರು ‘ಐ ವರ್ಕ್ ನೈಟ್ಸ್’ ಎನ್ನುತ್ತಾರಲ್ಲ, ಆ ‘ನೈಟ್ಸ್’ ಬಹುವಚನವೆಂದು ಎಲ್ಲರೂ ತಿಳಿದಿದ್ದಾರೆ. ಅದರ ಬೇರು ‘ನಿಹ್ಟೆಸ್’, ಅಂದರೆ ‘ಇರುಳಿನ’. ಕ್ರಿಯಾಪದದ ಜೊತೆ ಬಂದು ಕಾಲ ತಿಳಿಸುವ ಷಷ್ಠಿ. ಇರುಳು ಹಳೆಯ ಇಂಗ್ಲಿಷಿನಲ್ಲಿ ಸ್ತ್ರೀಲಿಂಗ, ನ್ಯಾಯವಾಗಿ ಅದಕ್ಕೆ ಈ ಪ್ರತ್ಯಯ ಸಲ್ಲದು. ‘ಡೇ’ಯ ಜೊತೆ ಓಡಾಡಿ ಅದರ ಬಾಲವನ್ನು ಎರವಲು ಪಡೆದಿತ್ತು.

ಉಳಿದ ಆ ಒಂದು ಪ್ರತ್ಯಯ ಇನ್ನೊಂದು ದೊಡ್ಡ ತಿರುವನ್ನೂ ಕಂಡಿತು. ಚಾಸರನ ಹಸ್ತಪ್ರತಿಗಳಲ್ಲಿ ಬಾತ್ ಊರಿನ ಹೆಂಗಸಿನ ಕಥೆಗೆ ಇರುವ ಶೀರ್ಷಿಕೆ ‘ದ ವೈವ್ಸ್ ಟೇಲ್ ಆಫ್ ಬಾತ್’. ಹೆಂಗಸಿನ ಕಥೆ, ಬಾತ್ ಊರಿನ. ಕಥೆ ಬಾತ್ ಊರಿನದಲ್ಲ, ಹೆಂಗಸು ಆ ಊರಿನವಳು. ಆದರೂ ಷಷ್ಠಿ ‘ವೈಫ್’ ಎಂಬ ಪದಕ್ಕೇ ಅಂಟಬೇಕಾಗಿತ್ತು. ಬರಬರುತ್ತ ‘ದ ವೈಫ್ ಆಫ್ ಬಾತ್ಸ್ ಟೇಲ್’ ಎಂದು ಇಡೀ ಪದಗುಚ್ಛದ ಕೊನೆಗೆ ಒಂದೇ ‘ಸ್’ ಸಾಕಾಯಿತು. ಪದದ ಮೈಗೆ ಅಂಟಿದ್ದ ಪ್ರತ್ಯಯ ಬಿಡಿಸಿಕೊಂಡು ಗುಚ್ಛದ ಹೊಸ್ತಿಲಲ್ಲಿ ನಿಂತಿತು. ‘ಸ್ನೇಹಿತರು ಹಾಗೂ ಬಂಧುಗಳ ಮನೆ’ ಎನ್ನುವಾಗ ಕನ್ನಡವೂ ಕೊನೆಯ ಪದಕ್ಕೊಂದೇ ಪ್ರತ್ಯಯ ಹಚ್ಚಿ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ.

ಹೀಗೆ ಸಡಿಲವಾಗಿ ನಿಂತ ಪ್ರತ್ಯಯವನ್ನು ಜನ ತಪ್ಪಾಗಿ ಅರ್ಥ ಮಾಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ‘ಇಸ್’ ಎಂದು ಉಚ್ಚರಿಸುತ್ತಿದ್ದ ಆ ತುಂಡು ‘ಹಿಸ್’ ಎಂಬ ಸರ್ವನಾಮದಂತೆಯೇ ಕೇಳುತ್ತಿತ್ತು, ಒತ್ತಿಲ್ಲದ ಕಡೆ ‘ಹ’ಕಾರ ಹೇಗೂ ಬಿದ್ದುಹೋಗುತ್ತದೆ. ಹಾಗಾಗಿ 16, 17ನೇ ಶತಮಾನದಲ್ಲಿ ‘ರಾಜನ ಮನೆ’ಯನ್ನು ‘ರಾಜ ಅವನ ಮನೆ’ ಎಂದು ಬರೆಯುವ ಚಾಳಿ ಹಬ್ಬಿತು. ಪುಸ್ತಕದ ಒಳರಟ್ಟಿನ ಮೇಲೆ ಮಾಲೀಕರು ‘ಜಾನ್ ಹಿಸ್ ಬುಕ್’ ಎಂಬ ಧಾಟಿಯಲ್ಲಿ ಹೆಸರು ಹಾಕಿಕೊಳ್ಳುತ್ತಿದ್ದರು. ಬೆನ್ ಜಾನ್ಸನ್ 1605ರಲ್ಲಿ ಅಚ್ಚು ಹಾಕಿಸಿದ ದುರಂತ ನಾಟಕದ ಹೆಸರು ‘ಸೆಜಾನಸ್ ಹಿಸ್ ಫಾಲ್’. ಅದೇ ಜಾನ್ಸನ್ ಇಂಗ್ಲಿಷಿಗೆ ಒಂದು ವ್ಯಾಕರಣವನ್ನೂ ಬರೆದ. ಅವನು ತೀರಿಕೊಂಡ ಮೇಲೆ 1640ರಲ್ಲಿ ಅದು ಹೊರಬಂತು. ಅದರಲ್ಲಿ ಈ ‘ಹಿಸ್’ ಜೋಡಣೆಯನ್ನು ಅವನು ವಿಕಾರವೆಂದು ಕಟುವಾಗಿ ಖಂಡಿಸಿದ್ದಾನೆ. ರಂಗಭೂಮಿಗೆ ಒಗ್ಗಿದ್ದು ವ್ಯಾಕರಣಕ್ಕೆ ಒಗ್ಗಲಿಲ್ಲ.

ತಪ್ಪು ತಿಳಿವಳಿಕೆ ಅಷ್ಟಕ್ಕೇ ತೀರಲಿಲ್ಲ. 1711ರಲ್ಲಿ ಜೋಸೆಫ್ ಅಡಿಸನ್ ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಇಂಗ್ಲಿಷರು ಮಾತನ್ನು ಮೊಟಕು ಮಾಡುವ ಬಗ್ಗೆ ಬರೆಯುತ್ತ, ‘ಹಿಸ್’, ‘ಹರ್’ ಎಂಬ ಸರ್ವನಾಮಗಳ ಕೆಲಸವನ್ನು ಒಂದೇ ‘ಸ್’ ಮಾಡುತ್ತಿದೆ ಎಂದು ಹೇಳಿದ. ಅವನ ಗದ್ಯಕ್ಕಿದ್ದ ಮನ್ನಣೆಯಿಂದ ಆ ಮಾತಿಗೂ ತೂಕ ಬಂತು. ಜಾನ್ ವಾಲಿಸ್ ಎಂಬ ಗಣಿತಜ್ಞ 1653ರಷ್ಟು ಹಿಂದೆಯೇ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಈ ವಾದವನ್ನು ತಳ್ಳಿಹಾಕಿದ್ದರೂ ಗಮನಿಸಿದವರು ಕಡಿಮೆ. 1755ರ ನಿಘಂಟಿನ ಜೊತೆಗೆ ಬರೆದ ವ್ಯಾಕರಣದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೇಳಿದ ಪ್ರಶ್ನೆ ನೇರವಾಗಿತ್ತು: ಹೆಂಗಸಿನ ಚೆಲುವು ಎನ್ನುವಾಗಲೂ ಅದೇ ‘ಸ್’ ಬರುತ್ತದಲ್ಲ, ಅಲ್ಲಿ ‘ಅವನ’ ಎಲ್ಲಿಂದ ಬಂದಾನು? 1762ರಲ್ಲಿ ವೈಯಾಕರಣ ರಾಬರ್ಟ್ ಲೌತ್ ಕೂಡ ಅಡಿಸನ್ನನ ತಪ್ಪನ್ನು ತೋರಿಸಿದ. ಸಾವಿರ ವರ್ಷದ ಒಂದು ಪ್ರತ್ಯಯ ತನ್ನ ಮನೆಯವರಿಗೇ ಗುರುತು ಸಿಗದಷ್ಟು ಒಂಟಿಯಾಗಿತ್ತು.

ಅಡಿಸನ್ ಈ ಮಾತು ಬರೆದ ಕಾಲದ ಲಂಡನ್ನಿನಲ್ಲಿ ಒಡೆಯನನ್ನಷ್ಟೇ ಹೇಳುವ ಹೆಸರುಗಳು ಬೀದಿ ಬೀದಿಯಲ್ಲಿದ್ದವು. ಕಾಫಿಮನೆಗಳ ಕಾಲ ಅದು. ವಿಲ್ಸ್, ಚೈಲ್ಡ್ಸ್, ಜೋನಾಥನ್ಸ್, ಗ್ಯಾರವೇಸ್. ‘ಸ್ಪೆಕ್ಟೇಟರ್’ನ ಮೊದಲ ಸಂಚಿಕೆಯಲ್ಲಿ ಪತ್ರಿಕೆಯ ಕಲ್ಪಿತ ನಿರೂಪಕ ತಾನು ಕಾಲಕಳೆಯುವ ಜಾಗಗಳನ್ನು ಹೇಳಿಕೊಳ್ಳುವಾಗ ಇವುಗಳಲ್ಲಿ ಹಲವು ಬರುತ್ತವೆ. ವಿಲ್ಸ್‌ನಲ್ಲಿ ಕವಿಗಳು, ಜೋನಾಥನ್ಸ್‌ನಲ್ಲಿ ಷೇರು ದಲ್ಲಾಳಿಗಳು. ಮುಂದೆ ಅಡಿಸನ್ ತನ್ನದೇ ಬಳಗ ಕಟ್ಟಿಕೊಂಡು ಕೂತದ್ದು ಬಟನ್ಸ್‌ನಲ್ಲಿ. ‘ಬಟನ್’ ಅಲ್ಲ, ‘ಬಟನ್ಸ್’: ಡೇನಿಯಲ್ ಬಟನ್ ಎಂಬಾತನದು.

ಆ ಹೆಸರುಗಳಲ್ಲಿ ಒಂದು ಇಂದಿಗೂ ಜಗತ್ತಿನ ವ್ಯಾಪಾರವನ್ನು ತೂಗುತ್ತಿದೆ. ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿಮನೆ ಥೇಮ್ಸ್ ನದಿಯ ಹತ್ತಿರ ಟವರ್ ಸ್ಟ್ರೀಟಿನಲ್ಲಿತ್ತು. 1688ರಲ್ಲಿ ‘ಲಂಡನ್ ಗೆಜೆಟ್’ ಪತ್ರಿಕೆಯ ಒಂದು ಜಾಹೀರಾತಿನಲ್ಲಿ, ಕಳವಾದ ಗಡಿಯಾರಗಳ ಸುಳಿವು ಸಿಕ್ಕವರು ತಿಳಿಸಬೇಕಾದ ವಿಳಾಸವಾಗಿ ಅದರ ಹೆಸರು ಕಾಣಿಸಿಕೊಳ್ಳುತ್ತದೆ. 1691ರಲ್ಲಿ ಲಾಯ್ಡ್ ತನ್ನ ಅಂಗಡಿಯನ್ನು ಲೊಂಬಾರ್ಡ್ ಸ್ಟ್ರೀಟಿಗೆ ಸಾಗಿಸಿದ. ಹಡಗಿನ ಕಪ್ತಾನರು, ಮಾಲೀಕರು, ಸರಕು ಸಾಗಿಸುವ ಸಾಹುಕಾರರು ಅಲ್ಲಿ ಸೇರುತ್ತಿದ್ದರು. ಯಾವ ಹಡಗು ಎಲ್ಲಿದೆ, ಯಾವುದು ಮುಳುಗಿತು ಎಂಬ ಸುದ್ದಿ ಮೊದಲು ಸಿಗುತ್ತಿದ್ದದ್ದು ಅಲ್ಲೇ. ಹಡಗಿನ ಅಪಾಯವನ್ನು ಹಂಚಿಕೊಳ್ಳಲು ಒಪ್ಪಿದವರು ವಿಮಾಪತ್ರದ ಕೆಳಗೆ ರುಜು ಹಾಕುತ್ತಿದ್ದರು. ಲಾಯ್ಡ್ ಕೊಟ್ಟದ್ದು ಮೇಜು, ಕುರ್ಚಿ, ಕಾಫಿ ಮತ್ತು ಸುದ್ದಿ. ಅವನು ಯಾರ ಹಡಗಿಗೂ ವಿಮೆ ಮಾಡಿದವನಲ್ಲ. ‘ಲಾಯ್ಡ್ಸ್‌ನಲ್ಲಿ ಸಿಗುತ್ತೇನೆ’, ‘ಲಾಯ್ಡ್ಸ್‌ನಿಂದ ಸುದ್ದಿ ಬಂತು’ ಎಂಬ ಮಾತು ಬಾಯಿಗೆ ಕೂತಿತು.

ಲಾಯ್ಡ್ 1713ರಲ್ಲಿ ತೀರಿಕೊಂಡ. 1734ರಲ್ಲಿ ಹೊರಟ ಹಡಗುಗಳ ಸುದ್ದಿಪತ್ರಿಕೆಗೆ ‘ಲಾಯ್ಡ್ಸ್ ಲಿಸ್ಟ್’ ಎಂದೇ ಹೆಸರಾಯಿತು. ಹಳೆಯ ಕಾಫಿಮನೆಯಲ್ಲಿ ಜೂಜಿನಂಥ ವಿಮೆಗಳು ಹೆಚ್ಚಿದಾಗ, ಅದಕ್ಕೆ ಬೇಸತ್ತವರು 1769ರಲ್ಲಿ ಹೊರಬಂದು ಪೋಪ್ಸ್ ಹೆಡ್ ಅಲಿಯಲ್ಲಿ ‘ನ್ಯೂ ಲಾಯ್ಡ್ಸ್’ ಆರಂಭಿಸಿದರು. 1774ರಲ್ಲಿ ರಾಯಲ್ ಎಕ್ಸ್‌ಚೇಂಜಿನ ಕೋಣೆಗಳಿಗೆ ಹೋದರು. ಅಷ್ಟು ಹೊತ್ತಿಗೆ ಮಾಲೀಕ ಮಣ್ಣಾಗಿ ಅರವತ್ತು ವರ್ಷ ಕಳೆದಿತ್ತು. ಕಾಫಿಯೂ ಅಲ್ಲಿ ಮುಖ್ಯವಲ್ಲ, ಕಟ್ಟಡವೂ ಅದಲ್ಲ. ಉಳಿದದ್ದು ‘ಲಾಯ್ಡನದು’ ಎಂಬ ಷಷ್ಠಿ ಮಾತ್ರ. 1871ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆ ಮಾಡಿ ಆ ಸಂಸ್ಥೆಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಅದನ್ನು ಈಗ ‘ಸೊಸೈಟಿ ಆಫ್ ಲಾಯ್ಡ್ಸ್’ ಎಂದು ಕರೆಯುತ್ತಾರೆ. ‘ಆಫ್’ ಮುಂದೆ ಮತ್ತೆ ಅಪಾಸ್ಟ್ರಫಿ ಹೊತ್ತ ಒಡೆಯ.

ಪಕ್ಕದಲ್ಲೇ ಇಟ್ಟು ನೋಡಬೇಕಾದದ್ದು ಲಾಯ್ಡ್ಸ್ ಬ್ಯಾಂಕ್. ಅದಕ್ಕೆ ಅಪಾಸ್ಟ್ರಫಿ ಇಲ್ಲ. 1765ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಟೇಲರ್ ಮತ್ತು ಸ್ಯಾಂಪ್ಸನ್ ಲಾಯ್ಡ್ ಕೂಡಿ ಆರಂಭಿಸಿದ ಆ ಬ್ಯಾಂಕಿಗೂ ಕಾಫಿಮನೆಗೂ ಸಂಬಂಧವಿಲ್ಲ. ಮೊದಲು ಅದು ‘ಟೇಲರ್ಸ್ ಅಂಡ್ ಲಾಯ್ಡ್ಸ್’. ಟೇಲರ್ ಮನೆತನದವರು, ಲಾಯ್ಡ್ ಮನೆತನದವರು ಎಂಬ ಬಹುವಚನ. ಕಿವಿಗೆ ಒಂದೇ ಆದ ಎರಡು ಹೆಸರು, ಒಂದರ ಬಾಲ ಒಡೆತನ, ಇನ್ನೊಂದರದು ಬಳಗ. ಅವನ್ನು ಬೇರ್ಪಡಿಸುವುದು ಸಾಲಿನ ಮೇಲೆ ತೂಗುವ ಆ ಚಿಕ್ಕ ಕೊಕ್ಕೆಯೊಂದೇ.

ಆ ಕೊಕ್ಕೆ ಬಂದದ್ದು ಮುದ್ರಣಾಲಯಗಳಿಂದ. ಇಟಲಿ, ಫ್ರಾನ್ಸಿನ ಮುದ್ರಕರು 16ನೇ ಶತಮಾನದ ಆರಂಭದಲ್ಲಿ, ಬಿಟ್ಟುಹೋದ ಸ್ವರವನ್ನು ತೋರಿಸಲು ಅದನ್ನು ಬಳಸಿದರು. ಶತಮಾನದ ನಡುವಿಗೆ ಅದು ಇಂಗ್ಲೆಂಡಿಗೆ ದಾಟಿತು. ಅಲ್ಲಿಯೂ ಮೊದಮೊದಲು ಅದರ ಕೆಲಸ ಲೋಪವನ್ನು ಸೂಚಿಸುವುದಷ್ಟೇ. ಒಡೆತನಕ್ಕೂ ಅದಕ್ಕೂ ನಂಟಿರಲಿಲ್ಲ. ಷಷ್ಠಿಯ ‘ಎಸ್’ನಲ್ಲಿ ‘ಎ’ ಉಚ್ಚಾರವಾಗದೆ ಹೋದಾಗ ಆ ಜಾಗದಲ್ಲಿ ಕೊಕ್ಕೆ ಹಾಕುವುದು ಶುರುವಾಯಿತು. 1623ರಲ್ಲಿ ಬಂದ ಶೇಕ್ಸ್‌ಪಿಯರ್ ನಾಟಕಗಳ ಮೊದಲ ಫೋಲಿಯೋದಲ್ಲಿ ಷಷ್ಠಿಗೆ ಬಹುಪಾಲು ಕಡೆ ಚಿಹ್ನೆಯಿಲ್ಲ. 1685ರ ನಾಲ್ಕನೆಯ ಫೋಲಿಯೋ ಹೊತ್ತಿಗೆ ಅದು ಎಷ್ಟೋ ಹೆಚ್ಚಿದೆ. ಬಹುವಚನದ ‘ಸ್’ ಆದಮೇಲೆ ಕೊಕ್ಕೆ ಹಾಕುವ ನಿಯಮ ಬಂದದ್ದು ಇನ್ನೂ ತಡವಾಗಿ, 18ನೇ ಶತಮಾನದ ಉತ್ತರಾರ್ಧದಲ್ಲಿ. ಅದು ಇತ್ಯರ್ಥವಾಗಲು 19ನೇ ಶತಮಾನವೇ ಬೇಕಾಯಿತು. ಇವತ್ತು ಅನಾದಿ ಎನ್ನುವಂತೆ ಕಲಿಸುವ ನಿಯಮದ ವಯಸ್ಸು ಇಷ್ಟೇ.

ವೈಯಾಕರಣರಿಗೆ ತಲೆನೋವು ತಂದ ಇನ್ನೊಂದು ಪ್ರಯೋಗ ‘ಎ ಸೋಲ್ಜರ್ ಆಫ್ ದ ಕಿಂಗ್ಸ್’ ಎಂಬ ಮಾದರಿಯದು. ರಾಜನ ಒಬ್ಬ ಸೈನಿಕ. ಇಲ್ಲಿಯೂ ‘ಆಫ್’ ಇದೆ, ‘ಸ್’ ಕೂಡ ಇದೆ. ರಾಜನ ಸೈನಿಕರಲ್ಲಿ ಒಬ್ಬ ಎಂದು ಬಿಡಿಸಿಕೊಳ್ಳಬೇಕು ಎಂಬುದು ಲೌತ್ ಕೊಟ್ಟ ವಿವರಣೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ಅದನ್ನು ಒಪ್ಪಲಿಲ್ಲ. ‘ಅವನ ಆ ಉದ್ದ ಮೂಗು’ ಎನ್ನಲು ಇಂಗ್ಲಿಷ್ ಇದೇ ರಚನೆಯನ್ನು ಬಳಸುತ್ತದೆ, ಯಾರಿಗೂ ಮೂಗುಗಳು ಹಲವಿಲ್ಲ ಎಂದು ಅವನು ತೋರಿಸಿದ. ಅರ್ಥದಲ್ಲಿ ವ್ಯತ್ಯಾಸವಂತೂ ನಿಜ: ‘ಪೋರ್ಟ್ರೇಟ್ ಆಫ್ ದ ಕಿಂಗ್’ ಎಂದರೆ ಚಿತ್ರದಲ್ಲಿರುವವನು ರಾಜ, ‘ಕಿಂಗ್ಸ್’ ಎಂದರೆ ಚಿತ್ರ ರಾಜನ ಸೊತ್ತು, ಅದರೊಳಗೆ ಯಾರಿದ್ದರೂ ಇರಬಹುದು.

ಅದೇ ಯೆಸ್ಪರ್ಸನ್ 1920ರ ದಶಕದಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಬರೆಯುತ್ತಿದ್ದ ಎಚ್.ಡಬ್ಲ್ಯು. ಫೌಲರ್ ಜೊತೆ ವಾದಕ್ಕಿಳಿದ. ‘ಜಾನ್ ಬರುವುದನ್ನು ನಾನು ಒಪ್ಪುವುದಿಲ್ಲ’ ಎನ್ನುವಲ್ಲಿ, ಬರುವವನ ಹೆಸರು ಷಷ್ಠಿಯಲ್ಲಿ ಇರಬೇಕೆ, ಬೇಡವೇ? ‘ಜಾನ್ಸ್ ಕಮಿಂಗ್’ ಎನ್ನಬೇಕೋ ‘ಜಾನ್ ಕಮಿಂಗ್’ ಸಾಕೋ? ಷಷ್ಠಿ ಬಿಟ್ಟ ರೂಪಕ್ಕೆ ಫೌಲರ್ 1906ರ ‘ದ ಕಿಂಗ್ಸ್ ಇಂಗ್ಲಿಷ್’ ಪುಸ್ತಕದಲ್ಲೇ ‘ಫ್ಯೂಸ್ಡ್ ಪಾರ್ಟಿಸಿಪಲ್’ ಎಂದು ಹೆಸರಿಟ್ಟು ಖಂಡಿಸಿದ್ದ. ಒಳ್ಳೆಯ ಲೇಖಕರು ಬಹುಕಾಲದಿಂದ ಅದನ್ನು ಬಳಸುತ್ತಲೇ ಬಂದಿದ್ದಾರೆ ಎಂದು ಯೆಸ್ಪರ್ಸನ್ ರಾಶಿ ಉದಾಹರಣೆಗಳನ್ನು ಮುಂದಿಟ್ಟ. ಸಾಕ್ಷ್ಯದ ಬಲ ಯೆಸ್ಪರ್ಸನ್ನನ ಕಡೆಗಿತ್ತು. ಆದರೂ ಭಾರತದ ಶಾಲೆಗಳಿಗೆ ಬಂದದ್ದು ಬಿಗಿ ನಿಯಮವೇ. ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಹಿಡಿದು ಇಂಗ್ಲಿಷ್ ಕಲಿತ ಕನ್ನಡದ ಹುಡುಗರು ಈ ಷಷ್ಠಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದರು. ‘ಅವನು ಬರುವುದು’ ಎಂದು ಪ್ರಥಮೆಯಲ್ಲೇ ಹೇಳಿ ಅಭ್ಯಾಸವಾದ ಮಕ್ಕಳಿಗೆ ಅದು ಎಂದೂ ಸಹಜವಾಗಿ ಬರಲಿಲ್ಲ.

ಕಾಫಿಮನೆಗಳಿಂದ ಷಷ್ಠಿ ಕ್ಲಬ್ಬುಗಳಿಗೆ ಹೋಯಿತು. ವೈಟ್ಸ್ ಕ್ಲಬ್ಬಿನ ಮೂಲಪುರುಷ ಫ್ರಾನ್ಸೆಸ್ಕೊ ಬಿಯಾಂಕೊ ಎಂಬ ಇಟಲಿಯವನು. 1693ರಲ್ಲಿ ಚಾಕೊಲೇಟ್ ಪಾನೀಯದ ಅಂಗಡಿ ಇಟ್ಟು ತನ್ನ ಹೆಸರನ್ನೂ ಇಂಗ್ಲಿಷಿಗೆ ತಿರುಗಿಸಿಕೊಂಡ. ಬೂಡಲ್ಸ್ ಕ್ಲಬ್ಬಿಗೆ ಹೆಸರು ಬಂದದ್ದು ಅಲ್ಲಿನ ಮುಖ್ಯ ಪರಿಚಾರಕನಿಂದ. ಒಳಗೆ ಕೂ​ತ ಶ್ರೀಮಂತರ ಹೆಸರುಗಳು ಮಸುಕಾದವು, ಬಡಿಸಿದವನ ಹೆಸರು ಬಾಗಿಲ ಮೇಲೆ ನಿಂತಿತು. ಜೇಮ್ಸ್ ಕ್ರಿಸ್ಟಿ 1766ರಲ್ಲಿ ಹರಾಜು ಆರಂಭಿಸಿದ್ದು ಕ್ರಿಸ್ಟೀಸ್ ಆಯಿತು. 1869ರಲ್ಲಿ ಡ್ರೂರಿ ಲೇನಿನಲ್ಲಿ ಜಾನ್ ಜೇಮ್ಸ್ ಸೇನ್ಸ್‌ಬರಿ ಮತ್ತು ಹೆಂಡತಿ ಮೇರಿ ಆನ್ ತೆರೆದ ಹಾಲು-ಬೆಣ್ಣೆಯ ಅಂಗಡಿ ಈಗ ಸೇನ್ಸ್‌ಬರೀಸ್ ಎಂಬ ದೊಡ್ಡ ಸರಪಳಿ.

ಟೆಸ್ಕೊ ಎಂಬ ಅಂಗಡಿಯ ಕಥೆ ಇನ್ನೂ ಚೆಂದ. ಅದು ಯಾವ ಮನುಷ್ಯನ ಹೆಸರೂ ಅಲ್ಲ. ಜಾಕ್ ಕೋಹೆನ್ 1924ರಲ್ಲಿ ತನಗೆ ಚಹಾ ಒದಗಿಸುತ್ತಿದ್ದ ಟಿ.ಇ. ಸ್ಟಾಕ್‌ವೆಲ್ ಎಂಬಾತನ ಹೆಸರಿನ ಮೂರು ಅಕ್ಷರಗಳಿಗೆ ತನ್ನ ಹೆಸರಿನ ಮೊದಲೆರಡನ್ನು ಜೋಡಿಸಿ ಮಾಡಿದ್ದು. ಬೋರ್ಡಿನ ಮೇಲೆ ಎಲ್ಲಿಯೂ ‘ಸ್’ ಇಲ್ಲ. ಆದರೂ ಬ್ರಿಟನ್ನಿನ ಜನಸಾಮಾನ್ಯರು ‘ಟೆಸ್ಕೋಸ್‌ಗೆ ಹೋಗಿಬರ್ತೀನಿ’ ಎಂದೇ ಹೇಳುತ್ತಾರೆ. ಅಂಗಡಿ ಎಂದಮೇಲೆ ಅದಕ್ಕೊಬ್ಬ ಒಡೆಯ ಇರಲೇಬೇಕು ಎಂದು ನಾಲಿಗೆ ನಂಬಿದೆ. ಆ ರೂಢಿ ಇನ್ನೂ ಜೀವಂತವಾಗಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಾಲಿಗೆ ಒಡೆಯನನ್ನು ಹುಡುಕಿ ತರುತ್ತಿದ್ದರೆ ಕಚೇರಿಗಳು ಅವನನ್ನು ಅಳಿಸುತ್ತಿವೆ. ಅಮೆರಿಕದಲ್ಲಿ 1890ರಲ್ಲಿ ಸ್ಥಾಪನೆಯಾದ ಭೌಗೋಳಿಕ ಹೆಸರುಗಳ ಮಂಡಳಿ ಊರು, ಬೆಟ್ಟ, ಕೆರೆಗಳ ಹೆಸರಿನಿಂದ ಒಡೆತನದ ಅಪಾಸ್ಟ್ರಫಿಯನ್ನು ತೆಗೆಸಿತು. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪ ಸೇರಿದಂತೆ ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಚಿಹ್ನೆಯಿದೆ, ಹತ್ತಿರದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. 2009ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ಬೀದಿಫಲಕಗಳಲ್ಲಿ ಅಪಾಸ್ಟ್ರಫಿ ಬೇಡವೆಂದು ತೀರ್ಮಾನಿಸಿತು. 2012ರಲ್ಲಿ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಯೂ ಅಂತರ್ಜಾಲದ ವಿಳಾಸಗಳಿಗೆ ಅನುಕೂಲವೆಂದು ತನ್ನ ಹೆಸರಿನ ಕೊಕ್ಕೆಯನ್ನು ಕಿತ್ತಿತು. ಪುಸ್ತಕ ಮಾರುವವರೇ ಹೀಗೆ ಮಾಡಿದರಲ್ಲ ಎಂದು ಮರುಗಿದವರು ಬಹಳ, ಆ ಮರುಕ ನ್ಯಾಯವಾದದ್ದೇ. ಲಿಂಕನ್‌ಶೈರಿನ ಬಾಸ್ಟನ್ ಊರಿನ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆಂದೇ ಸಂಘ ಕಟ್ಟಿದ್ದರು. 2019ರಲ್ಲಿ, 96ನೆಯ ವಯಸ್ಸಿನಲ್ಲಿ, ಇನ್ನು ಹೋರಾಡಲಾರೆ ಎಂದು ಅದನ್ನು ಮುಚ್ಚಿದರು. ಕೇಂಬ್ರಿಜ್‌ನಲ್ಲಿ ಮಾತ್ರ ನಗರಸಭೆ ಇಂಥದೇ ನಿರ್ಧಾರ ಮಾಡಿದಾಗ ಜನ ಗಲಾಟೆ ಎಬ್ಬಿಸಿ 2014ರಲ್ಲಿ ಅದನ್ನು ಹಿಂತೆಗೆಸಿದರು.

ಬೆಂಗಳೂರಿನ ದಂಡು ಪ್ರದೇಶಕ್ಕೆ ಈ ಷಷ್ಠಿ ಸೈನ್ಯದ ಜೊತೆ ಬಂತು. 1808ರಲ್ಲಿ ಅಡಿಪಾಯ ಹಾಕಿದ ಸೇಂಟ್ ಮಾರ್ಕ್ಸ್ ಇಗರ್ಜಿ ತನ್ನ ಹೆಸರನ್ನು ಮುಂದಿನ ರಸ್ತೆಗೂ ಕೊಟ್ಟಿತು. 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಬಾಯ್ಸ್ ಶಾಲೆಯ ಇಂಗ್ಲಿಷ್ ಹೆಸರಿನಲ್ಲಿ ಬಹುವಚನದ ಆಚೆಗೆ ನಿಲ್ಲುವ ತಡವಾಗಿ ಬಂದ ಆ ಕೊಕ್ಕೆಯನ್ನು ನೋಡಬಹುದು. 1940ರ ದಶಕದಲ್ಲಿ ಪಿ.ಒ. ಕೋಶಿ ಇಟ್ಟ ಬೇಕರಿಯಿಂದ ಬೆಳೆದು ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ನೆಲೆಯೂರಿದ ಉಪಾಹಾರಗೃಹಕ್ಕೆ ಕೋಶೀಸ್ ಎಂದೇ ಹೆಸರು. ಕೋಶಿಯವರದು, ಬಟನ್ಸ್, ಲಾಯ್ಡ್ಸ್‌ಗಳ ಹಾಗೆಯೇ. ಅಲ್ಲಿಗೆ ಹೋಗುವ ಕನ್ನಡಿಗರು ‘ಕೋಶೀಸ್‌ಗೆ ಬಾ’, ‘ಕೋಶೀಸ್‌ನಲ್ಲಿ ಕೂತಿದ್ವಿ’ ಎನ್ನುತ್ತಾರೆ. ಇಂಗ್ಲಿಷಿನ ಷಷ್ಠಿಯನ್ನು ಹೆಸರಿನ ಭಾಗವೆಂದೇ ಬಗೆದು ಅದರ ಮೇಲೆ ಕನ್ನಡ ತನ್ನ ಚತುರ್ಥಿಯನ್ನೋ ಸಪ್ತಮಿಯನ್ನೋ ಹಚ್ಚುತ್ತದೆ. ಕನ್ನಡದ ಫಲಕಗಳಲ್ಲಿ ‘ಮಾರ್ಕ್ಸ್’ ಬರೆಯುವಾಗ ಕೊಕ್ಕೆ ಹಾಕುವ ಪದ್ಧತಿ ಇಲ್ಲ. ಸಂತನ ‘ಸ್’ ಅಲ್ಲಿ ‘ಕ’ದ ಕೆಳಗೆ ಒತ್ತಾಗಿ ಸೇರಿಕೊಂಡು ‘ರಸ್ತೆ’ಯ ಜೊತೆ ಸಾಗುತ್ತದೆ.